ಕೆಂಪೆಂದರೆ ಯಾವ ಕೆಂಪು?

ಇಳಕಲ್ ಸೀರೆಯನ್ನು ಇಳಕಲ್ಲಿನಲ್ಲಿ ಮಾತ್ರವೇ ನೇಯುತ್ತಾರೆಂದು ನಮ್ಮ ಪಟ್ಟಣಗಳ ಗೃಹಿಣಿಯರಲ್ಲಿ ಅನೇಕರು ತಿಳಿದಿರುವುದುಂಟು. ಹಾಗೇನೂ ಇಲ್ಲ. ಇಳಕಲ್ಲಿನ ನೆರೆಯಲ್ಲಿಯೇ ಕೊಪ್ಪಳ ಜಿಲ್ಲೆಯ ಕುಷ್ಟಗಿ ಸೀಮೆ ಇದೆ. ಅಲ್ಲಿನ ದೋಟಿಹಾಳ, ಹನುಮಸಾಗರಗಳಲ್ಲಿಯೂ, ಕೊಪ್ಪಳ ಪಟ್ಟಣಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿಯೂ ಮಗ್ಗದ ಸದ್ದು ಇನ್ನೂ ಅಡಗಿಲ್ಲ. ಒಡಲಿಗೆ ಒಂದು ಬಣ್ಣ, ಸೆರಗಿಗೆ ಕೆಂಪು. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದುಗೂಡಿಸುವ ಕೈಚಳಕ ಬೇರೆ. ಒಡಲಿನ ಬಣ್ಣಗಳ ಹೆಸರು ಕೇಳುವುದೇ ಒಂದು ಸೊಗಸು: ದಾಳಿಂಬರಿ ಕೆಂಪು, ಗಿಣಿ ಹಸಿರು, ನವಿಲಿನ ಬಣ್ಣ, ಗಿರಿಕುಂಕುಮ.

ಈ ಸೀರೆಗಳ ವ್ಯಾಪಾರವು ಈಗ ಬಹುಮಟ್ಟಿಗೆ ಅಂಗೈಯೊಳಗಿನ ಫೋನಿಗೆ ಬಂದಿಳಿದಿದೆ. ಅಂಗಡಿಯವರು ಸೀರೆಯನ್ನು ಹಾಸಿ, ಮೇಲಿನಿಂದ ಒಂದು ಚಿತ್ರ ತೆಗೆದು ಬೆಂಗಳೂರಿಗೋ ಪುಣೆಗೋ ಕಳುಹಿಸುತ್ತಾರೆ. ಆ ಕಡೆಯವರು ಮೆಚ್ಚಿ ಹಣ ಕಳುಹಿಸುತ್ತಾರೆ. ಈ ಕಡೆಯಿಂದ ಪಾರ್ಸೆಲು ಹೊರಡುತ್ತದೆ. ನಾಲ್ಕನೆಯ ದಿನ ಫೋನು ಗಂಟೆ ಬಾರಿಸುತ್ತದೆ.

"ನಾನು ಚಿತ್ರದಲ್ಲಿ ನೋಡಿದ ಕೆಂಪು ಇದಲ್ಲವಲ್ಲ!"

"ಅವ್ವಾರ, ಸೀರಿ ಅದ ಐತ್ರೀ. ಫೋಟೋದಾಗ ಬ್ಯಾರೆ ಬಂದಿರಬೇಕು."

ಇಬ್ಬರಲ್ಲಿ ಯಾರದು ಸುಳ್ಳು? ಇಬ್ಬರದೂ ಅಲ್ಲ. ಆದರೂ ಮಡಿಕೆ ಬಿಚ್ಚಿದ ಸೀರೆ ಮರಳಿ ಬರುತ್ತದೆ. ಸಾಗಣೆಯ ಖರ್ಚು ತಲೆಯ ಮೇಲೆ ಬೀಳುತ್ತದೆ. ಸಣ್ಣ ಬಂಡವಾಳದ ನೇಕಾರನಿಗೆ ಒಂದು ಸೀರೆಯ ಲಾಭವೇನು, ಅಸಲಿಗೇ ಸಂಚಕಾರ ಬರುತ್ತದೆ. ನೇಯ್ದವನು ಬಣ್ಣ ಬದಲಿಸಲಿಲ್ಲ, ಮಾರಿದವನು ಬದಲಿಸಲಿಲ್ಲ. ಹಾಗಾದರೆ ಬದಲಿಸಿದವರು ಯಾರು? ಈ ವಾರ ನಾವು ವಿಚಾರಣೆ ಮಾಡಬೇಕಾಗಿರುವುದು ಆ ಮೂರನೆಯ ಆಸಾಮಿಯನ್ನು.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಕೇಳಿ ಆಶ್ಚರ್ಯಪಡಬೇಡಿ. ಫೋನಿನ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಪುಟ್ಟ ಫಲಕವು ಹುಟ್ಟುಗುರುಡಲ್ಲದಿದ್ದರೂ ಬಣ್ಣಗುರುಡು. ಬೆಳಕು ಎಷ್ಟು ಬಿತ್ತೆಂಬುದನ್ನು ಅದು ಎಣಿಸಬಲ್ಲದೇ ಹೊರತು ಯಾವ ಬಣ್ಣದ ಬೆಳಕೆಂಬುದನ್ನು ಅರಿಯದು. ಇದಕ್ಕೆ ಉಪಾಯ ಹೂಡಿದವರು ಅಮೆರಿಕದ ಕೊಡಾಕ್ ಸಂಸ್ಥೆಯಲ್ಲಿದ್ದ ಬ್ರೈಸ್ ಬೇಯರ್ ಎಂಬವರು; ೧೯೭೬ರಲ್ಲಿ ಅವರಿಗೆ ಅದರ ಪೇಟೆಂಟು ದೊರಕಿತು. ಫಲಕದ ಮೇಲಿನ ಲಕ್ಷಾಂತರ ಚುಕ್ಕೆಗಳಲ್ಲಿ ಒಂದೊಂದಕ್ಕೂ ಒಂದೊಂದು ಬಣ್ಣದ ಗಾಜಿನ ಮುಸುಕು ಹಾಕಿದಂತೆ ಏರ್ಪಾಡು ಮಾಡಿದರು. ಒಂದು ಕೆಂಪು, ಒಂದು ನೀಲಿ, ಎರಡು ಹಸಿರು. ಮತ್ತೆ ಅದೇ ಸಾಲು, ಥೇಟ್ ಮನೆಯ ಮುಂದಿನ ಚುಕ್ಕೆ ರಂಗವಲ್ಲಿಯಂತೆ. ನಮ್ಮ ಕಣ್ಣು ಹಸಿರಿನಲ್ಲಿಯೇ ಸೂಕ್ಷ್ಮಗಳನ್ನು ಚೆನ್ನಾಗಿ ಗುರುತಿಸುತ್ತದೆಯಾದ್ದರಿಂದ ಅದಕ್ಕೆ ಎರಡು ಪಾಲು. ಇದರ ಫಲವೇನೆಂದರೆ, ಪ್ರತಿ ಚುಕ್ಕೆಯಲ್ಲಿಯೂ ಮೂರರಲ್ಲಿ ಒಂದು ಬಣ್ಣ ಮಾತ್ರ ಅಳತೆಯಿಂದ ಬಂದದ್ದು; ಮಿಕ್ಕ ಎರಡನ್ನು ನೆರೆಹೊರೆಯ ಚುಕ್ಕೆಗಳನ್ನು ಕೇಳಿ ತುಂಬಬೇಕು. ನೀವು ನೋಡುವ ಬಣ್ಣದ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲು ಊಹೆ!

ಅಷ್ಟಕ್ಕೇ ಮುಗಿಯಲಿಲ್ಲ. ಬೆಳಕಿಗೂ ತನ್ನದೇ ಬಣ್ಣವುಂಟು. ಸಂಜೆಯ ಬಿಸಿಲು ಹೊಂಬಣ್ಣ, ನೆರಳಿನ ಬೆಳಕು ನೀಲಿ, ಹಳೆಯ ಕಾಲದ ಬಲ್ಬಿನದು ಹಳದಿ. ಆದರೂ ಬಿಳಿಯ ಪಂಚೆ ಮೂರು ಕಡೆಯೂ ನಮಗೆ ಬಿಳಿಯದಾಗಿಯೇ ಕಾಣುತ್ತದೆ. ಕಣ್ಣೂ ಮಿದುಳೂ ಸೇರಿ ಬೆಳಕಿನ ಬಣ್ಣವನ್ನು ಕಳೆದು ವಸ್ತುವಿನ ಬಣ್ಣವನ್ನು ಉಳಿಸಿಕೊಡುತ್ತವೆ, ನಮ್ಮನ್ನು ಒಂದು ಮಾತೂ ಕೇಳದೆ. ಈ ಗುಮಾಸ್ತಿಕೆ ನಮ್ಮೊಳಗೆ ನಡೆಯುತ್ತಲೇ ಇದೆಯೆಂಬುದು ೨೦೧೫ರ ಫೆಬ್ರವರಿಯಲ್ಲಿ ಲೋಕಕ್ಕೆಲ್ಲ ತಿಳಿಯಿತು. ಬ್ರಿಟನ್ನಿನ ಒಂದು ಉಡುಪಿನ ಚಿತ್ರವನ್ನು ನೋಡಿ ಅರ್ಧ ಜನ "ನೀಲಿ, ಕಪ್ಪು" ಎಂದರು. ಉಳಿದವರು "ಬಿಳಿ, ಚಿನ್ನದ ಬಣ್ಣ" ಎಂದು ಪಟ್ಟು ಹಿಡಿದರು. ಗಂಡಹೆಂಡಿರು ಒಂದೇ ಚಿತ್ರದ ಮುಂದೆ ಕುಳಿತು ಜಗಳವಾಡಿದರಂತೆ. ಉಡುಪು ನಿಜವಾಗಿ ನೀಲಿ ಮತ್ತು ಕಪ್ಪಿನದು. ಬೆಳಕು ಎಂಥದೆಂದು ಒಬ್ಬೊಬ್ಬರ ಮಿದುಳು ಒಂದೊಂದು ಬಗೆಯಾಗಿ ಊಹಿಸಿತು, ಅಷ್ಟೆ.

ಕ್ಯಾಮೆರಾಕ್ಕೂ ಇದೇ ಕೆಲಸವನ್ನು ಕಲಿಸಬೇಕಾಯಿತು. ಮೊದಮೊದಲು ಕಲಿಸಿದ್ದು ಒಂದು ಸರಳವಾದ ಸೂತ್ರ. ಬುಕ್ಸ್‌ಬಾಮ್ ಎಂಬ ವಿದ್ವಾಂಸರು ೧೯೮೦ರಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟರು. ದೃಶ್ಯದಲ್ಲಿರುವ ಬಣ್ಣಗಳನ್ನೆಲ್ಲ ಒಟ್ಟಿಗೆ ಕಲಸಿದರೆ ಸುಮಾರಾಗಿ ಬೂದುಬಣ್ಣ ಬರಬೇಕು. ಬರದೆ ಹಳದಿಯ ಕಡೆಗೆ ವಾಲಿದರೆ ಬೆಳಕೇ ಹಳದಿಯೆಂದು ತೀರ್ಮಾನಿಸಿ ಅಷ್ಟನ್ನು ಕಳೆಯಬೇಕು. ಈ ಸೂತ್ರವನ್ನು ಹಿಡಿದುಕೊಂಡು ಇಟಗಿಗೆ ಹೋಗಿ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರಿಗೆ ಸೇರಿರುವ ಆ ಗ್ರಾಮದಲ್ಲಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ದೇವಾಲಯವಿದೆ. ಬಳಪದ ಕಲ್ಲಿನ ಕಟ್ಟಡ. ಅದರ ಮೈಯೇ ಬೂದು. ಅಲ್ಲಿ ಸೂತ್ರ ತಪ್ಪುವುದು ಕಷ್ಟ. ಅದೇ ಸೂತ್ರವನ್ನು ದೋಟಿಹಾಳದ ದಾಳಿಂಬರಿ ಸೀರೆಯ ಮೇಲೆ ಹಿಡಿಯಿರಿ. ಚಿತ್ರದ ತುಂಬ ಕೆಂಪೇ ಕೆಂಪು. "ಓಹೋ, ಬೆಳಕು ಕೆಂಪಾಗಿದೆ" ಎಂದು ಕ್ಯಾಮೆರಾ ಭ್ರಮಿಸಿ ಕೆಂಪನ್ನು ತಗ್ಗಿಸಿಬಿಡುತ್ತದೆ. ದಾಳಿಂಬರಿಯು ಹಳೆಯ ಇಟ್ಟಿಗೆಯಾಗುತ್ತದೆ.

ಈಗಿನ ಫೋನುಗಳು ಇಷ್ಟು ಮುಗ್ಧವಲ್ಲ. ಡೀಪ್ ಲರ್ನಿಂಗ್ ಎಂಬ ವಿದ್ಯೆ ಅವುಗಳಿಗೆ ಬಂದಿದೆ. ಆಳವಾದ ಕಲಿಕೆಯೆಂದು ಅರ್ಥ. ಹೆಸರು ಗಂಭೀರವಾಗಿದ್ದರೂ ರೀತಿಯು ನಮಗೆ ಹೊಸದಲ್ಲ. ಬಣ್ಣಗಾರನ ಮಗ ಸೂತ್ರ ಓದಿ ಬಣ್ಣ ಕಲಿತನೆ? ತಂದೆ ಅದ್ದಿದ ನೂಲನ್ನು ನೋಡಿದ, ತಾನೂ ಅದ್ದಿದ, ಬೈಸಿಕೊಂಡ, ಮತ್ತೆ ಅದ್ದಿದ. ಯಂತ್ರದೊಳಗೆ ಸಣ್ಣ ಸಣ್ಣ ಲೆಕ್ಕಿಗರು ಪದರಪದರವಾಗಿ ಕುಳಿತಿದ್ದಾರೆಂದು ಭಾವಿಸಿ. ಪ್ರತಿಯೊಬ್ಬನೂ ಹಿಂದಿನ ಪದರದಿಂದ ಬಂದ ಅಂಕಿಗಳಿಗೆ ತನ್ನದೊಂದು ತೂಕ ಕೊಟ್ಟು ಮುಂದಕ್ಕೆ ದಾಟಿಸುತ್ತಾನೆ. ಕೊನೆಯಲ್ಲಿ ಬಂದ ಉತ್ತರವನ್ನು ಸರಿಯಾದ ಉತ್ತರದ ಪಕ್ಕದಲ್ಲಿಟ್ಟು ನೋಡಿ, ಎಷ್ಟು ತಪ್ಪಿತೋ ಅಷ್ಟರ ಬೈಗುಳವನ್ನು ಹಿಂದುಹಿಂದಕ್ಕೆ ಹಂಚಿ, ಎಲ್ಲರ ತೂಕಗಳನ್ನೂ ಒಂದಿಷ್ಟು ತಿದ್ದುತ್ತಾರೆ. ಹೀಗೆ ಲಕ್ಷಾಂತರ ಸಲ. ನಿಯಮವನ್ನು ಯಾರೂ ಬರೆದುಕೊಡುವುದಿಲ್ಲ, ಉದಾಹರಣೆಗಳೇ ಗುರುಗಳು.

ಆದರೆ ಬಣ್ಣದ ವಿಷಯದಲ್ಲಿ "ಸರಿಯಾದ ಉತ್ತರ" ಎಲ್ಲಿಂದ ಬರಬೇಕು? ಅದಕ್ಕೂ ದಾರಿ ಇದೆ. ೨೪ ಬಣ್ಣದ ಚೌಕಗಳಿರುವ ಒಂದು ಹಲಗೆಯನ್ನು ದೃಶ್ಯದ ನಡುವೆ ಇಟ್ಟು ಚಿತ್ರ ತೆಗೆಯುತ್ತಾರೆ. ಹಲಗೆಯ ಬೂದುಚೌಕಗಳು ಹೇಗೆ ಕಂಡುವೆಂಬುದರಿಂದ ಬೆಳಕಿನ ಬಣ್ಣ ನಿಖರವಾಗಿ ಗೊತ್ತಾಗುತ್ತದೆ. ಅನಂತರ ಹಲಗೆಯಿರುವ ಭಾಗವನ್ನು ಮರೆಮಾಡಿ, "ಈಗ ನೀನು ಹೇಳು" ಎಂದು ಯಂತ್ರವನ್ನು ಕೇಳುತ್ತಾರೆ. ಪೀಟರ್ ಗೆಲರ್ ಮತ್ತು ಸಂಗಡಿಗರು ೨೦೦೮ರಲ್ಲಿ ಹೊರತಂದ ಇಂತಹ ೫೬೮ ಚಿತ್ರಗಳ ಒಂದು ಕಟ್ಟು ಈ ಶಾಸ್ತ್ರದವರಿಗೆಲ್ಲ ಬಹುಕಾಲ ಪಾಠಪುಸ್ತಕವಾಗಿತ್ತು. ೨೦೧೫ರಲ್ಲಿ ಗೂಗಲ್ ಸಂಸ್ಥೆಯ ಜೊನಾಥನ್ ಬ್ಯಾರನ್ ಈ ಊಹೆಯನ್ನು ಬಹಳ ಚುರುಕುಗೊಳಿಸಿದರು. ೨೦೧೮ರಲ್ಲಿ ಆ ಸಂಸ್ಥೆಯ ಫೋನುಗಳಿಗೆ ಬಂದ ನೈಟ್ ಸೈಟ್ ಎಂಬ ಇರುಳುನೋಟದಲ್ಲಿ, ಮಂದಬೆಳಕಿನ ಬಣ್ಣವನ್ನು ತೀರ್ಮಾನಿಸಿದ್ದು ಹೀಗೆ ಕಲಿತ ಯಂತ್ರವೇ. ಇಂದು ನಿಮ್ಮ ಫೋನು ಮುಖವನ್ನು ಮುಖವೆಂದೂ, ಆಕಾಶವನ್ನು ಆಕಾಶವೆಂದೂ, ಎಲೆಯನ್ನು ಎಲೆಯೆಂದೂ ಗುರುತಿಸಿ, ಒಂದೊಂದಕ್ಕೂ ಬೇರೆ ಬೇರೆ ಉಪಚಾರ ಮಾಡುತ್ತದೆ. ದೀಪದ ಬೆಳಕಿನಲ್ಲಿ ತೆಗೆದ ಮೊಮ್ಮಗುವಿನ ಚಿತ್ರ ಇಷ್ಟು ಲಕ್ಷಣವಾಗಿ ಬರುವುದು ಆ ಉಪಚಾರದಿಂದ. ಉಪಕಾರವನ್ನು ಮರೆಯಬಾರದು.

ಕಲಿತವನ ಬುದ್ಧಿ ಕಲಿಸಿದವನಷ್ಟೇ ಎಂಬುದೂ ನಿಜ. ಬೆಳಕಿನ ಬಣ್ಣಕ್ಕೆ ಹಲಗೆಯಿದೆ. "ಚೆನ್ನಾದ" ಬಣ್ಣಕ್ಕೆ ಹಲಗೆಯೆಲ್ಲಿ? ೨೦೧೧ರಲ್ಲಿ ಎಂ.ಐ.ಟಿ. ಮತ್ತು ಅಡೋಬಿ ಸಂಸ್ಥೆಗಳವರು ೫,೦೦೦ ಚಿತ್ರಗಳನ್ನು ಐದು ಮಂದಿ ನುರಿತವರ ಕೈಗೆ ಕೊಟ್ಟು, ಪ್ರತಿಯೊಬ್ಬರೂ ಎಲ್ಲ ಚಿತ್ರಗಳನ್ನೂ ತಮ್ಮ ಕಣ್ಣಿಗೆ ಒಪ್ಪುವಂತೆ ತಿದ್ದುವಂತೆ ಕೇಳಿಕೊಂಡರು. ಒಂದೊಂದು ಚಿತ್ರಕ್ಕೂ ಐದು ಐದು ಪಾಠಾಂತರಗಳು ಹುಟ್ಟಿದವು. ಎಷ್ಟೋ ಯಂತ್ರಗಳು ಅವರಲ್ಲಿ ಒಬ್ಬರ ಅಭಿರುಚಿಯನ್ನೇ ಆದರ್ಶವೆಂದು ಕಲಿತವು. ಆ ಐವರಲ್ಲಿ ಯಾರಾದರೂ ಗಿರಿಕುಂಕುಮದ ಒಡಲಿನ ಸೀರೆಯನ್ನು ಕೈಯಲ್ಲಿ ಹಿಡಿದು ನೋಡಿದ್ದರೆಂದು ನನಗಂತೂ ತೋರುವುದಿಲ್ಲ.

ಅಭ್ಯಾಸದಲ್ಲಿ ಕಾಣದ್ದನ್ನು ಕಂಡಾಗ ಯಂತ್ರವು ನಂಬುವುದು ಕಣ್ಣೆದುರಿನದನ್ನಲ್ಲ, ಪಾಠವನ್ನು. ೨೦೨೦ರ ಸೆಪ್ಟೆಂಬರ್ ೯ರಂದು ಕಾಳ್ಗಿಚ್ಚಿನ ಹೊಗೆ ಕವಿದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಕಾಶವು ಹಗಲಿನಲ್ಲಿಯೇ ಕಿತ್ತಳೆಯಂತಾಯಿತು. ಜನ ಬೆರಗಾಗಿ ಫೋನು ಎತ್ತಿದರು. ಎಷ್ಟೋ ಫೋನುಗಳು ಕಿತ್ತಳೆಯನ್ನು ತೊಳೆದು ಸಾಮಾನ್ಯವಾದ ಮೋಡದ ಬೂದನ್ನು ಬಳಿದುಕೊಟ್ಟವು! ಆಕಾಶ ಹಾಗಿರಲಾರದೆಂದು ಅವು ಅರಿತಿದ್ದುವಷ್ಟೆ.

ಸೀರೆಯ ಮಾತಿಗೆ ಬರೋಣ. ಕೊಳ್ಳುವ ಗೃಹಿಣಿಯರೂ ಮಾರುವವರೂ ಮಾಡಬಹುದಾದುದು ದುಬಾರಿಯದೇನಲ್ಲ. ಸೀರೆಯನ್ನು ನೇರ ಬಿಸಿಲಿನಲ್ಲಾಗಲಿ ಟ್ಯೂಬ್‌ಲೈಟಿನ ಕೆಳಗಾಗಲಿ ಹಾಸದೆ, ಹಗಲಿನಲ್ಲಿ ಪಡಸಾಲೆಯ ನೆರಳಿನಲ್ಲಿ ಹಾಸಬೇಕು. ಚಿತ್ರದ ತುಂಬ ಸೀರೆಯನ್ನೇ ತುಂಬದೆ, ಬಿಳಿಯ ಬಟ್ಟೆಯೊಂದನ್ನು ಪಕ್ಕದಲ್ಲಿಡಬೇಕು; ಬೂದುಬಣ್ಣದ ರಟ್ಟು ಸಿಕ್ಕಿದರೆ ಇನ್ನೂ ಮೇಲು. ಹೊಸ ಬಿಳಿ ಕಾಗದ ಬೇಡ. ಅದಕ್ಕೆ ಹಾಕಿದ ಹೊಳಪಿನ ಮದ್ದು ಹಗಲಿನಲ್ಲಿ ನೀಲಿಯನ್ನು ಸೂಸುತ್ತದೆ. ಅಂದಗೊಳಿಸುವ ಫಿಲ್ಟರುಗಳೆಲ್ಲ ಬಂದಾಗಿರಲಿ. ಚಿತ್ರ ಬಂದಾಗ ಕೊಳ್ಳುವವರು ಮೊದಲು ನೋಡಬೇಕಾದದ್ದು ಸೀರೆಯನ್ನಲ್ಲ, ಪಕ್ಕದ ಬಿಳಿಯನ್ನು. ಅದು ಬಿಳಿಯಾಗಿದ್ದರೆ ಸೀರೆಯ ಬಣ್ಣವನ್ನು ಬಹುಮಟ್ಟಿಗೆ ನಂಬಬಹುದು. ಪೂರ್ತಿ ಏಕೆ ನಂಬಬಾರದೆಂದರೆ, ನಿಮ್ಮ ಫೋನಿನ ಪರದೆಯೂ ಪಕ್ಕದ ಮನೆಯವರ ಫೋನಿನ ಪರದೆಯೂ ಒಂದೇ ಕೆಂಪನ್ನು ತೋರಿಸಬೇಕೆಂಬ ಕಟ್ಟಳೆಯಿಲ್ಲ.

ಸೀರೆಯಲ್ಲಿ ಬಣ್ಣ ತಪ್ಪಿದರೆ ಒಂದು ಪಾರ್ಸೆಲಿನ ನಷ್ಟ. ಗಂಗಾವತಿಯ ಗದ್ದೆಯಲ್ಲಿ ತಪ್ಪಿದರೆ ಪೈರಿನ ಮಾತು. ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದಾಗಿ ಭತ್ತದ ಕಣಜವೆನಿಸಿರುವ ಸೀಮೆ ಅದು. ಭತ್ತದ ಎಲೆಯ ಹಸಿರು ತಿಳಿಯಾದರೆ ಸಾರಜನಕ ಸಾಲದೆಂದು ಅರ್ಥ, ಯೂರಿಯಾ ಚೆಲ್ಲಬೇಕು. ಹಸಿರು ಗಾಢವಾಗಿದ್ದಾಗಲೂ ಚೆಲ್ಲಿದರೆ ಹಣ ಹಾಳು. ಬೆಂಕಿರೋಗ, ಕಂದುಜಿಗಿಹುಳುಗಳಿಗೆ ಆಮಂತ್ರಣ. ಪೈರು ನೆಲಕ್ಕೆ ಒರಗುವ ಭಯ. ಇದನ್ನು ತೂಗಿ ನೋಡಲು ಎಲೆಬಣ್ಣದ ಪಟ್ಟಿಯೆಂಬ ಅಗ್ಗದ ಸಾಧನವೊಂದಿದೆ. ಪ್ಲಾಸ್ಟಿಕ್ಕಿನ ಪಟ್ಟಿಯ ಮೇಲೆ ತಿಳಿಯಿಂದ ಗಾಢದವರೆಗೆ ಹಸಿರಿನ ನಾಲ್ಕೋ ಆರೋ ಮೆಟ್ಟಿಲುಗಳು. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾಲಯವು ಇದನ್ನು ಏಷ್ಯದ ರೈತರಲ್ಲಿ ಬಳಕೆಗೆ ತಂದಿತು. ನಾಟಿ ಮಾಡಿ ೧೪ ದಿನಗಳಾದ ಮೇಲೆ, ಬೆಳಗಿನ ೮ರಿಂದ ೧೦ ಗಂಟೆಯೊಳಗೆ, ಗದ್ದೆಯ ಹತ್ತು ಗಿಡಗಳ ಮೇಲಿನ ಪೂರ್ತಿ ಬಿಚ್ಚಿದ ಎಲೆಯನ್ನು ಪಟ್ಟಿಯ ಮೇಲಿಟ್ಟು ನೋಡಬೇಕು. ಹತ್ತರಲ್ಲಿ ಆರು ಎಲೆಗಳು ಗೊತ್ತುಪಡಿಸಿದ ಮೆಟ್ಟಿಲಿಗಿಂತ ತಿಳಿಯಾಗಿದ್ದರೆ ಗೊಬ್ಬರ.

ಇದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಸೂಚನೆಯಿದೆ. ಎಲೆಯ ಮೇಲೆ ನೇರ ಬಿಸಿಲು ಬೀಳಬಾರದು, ನೋಡುವವನು ತನ್ನ ಮೈಯ ನೆರಳನ್ನೇ ಅದರ ಮೇಲೆ ಕೆಡವಬೇಕೆಂದು ಹೇಳುತ್ತಾರೆ. ಒಬ್ಬನೇ ಮನುಷ್ಯ, ಅದೇ ಹೊತ್ತಿನಲ್ಲಿ ನೋಡಬೇಕೆಂದೂ ಹೇಳುತ್ತಾರೆ. ಬೆಳಕಿನ ಬಣ್ಣವನ್ನು ಕಳೆಯಲು ವಿದ್ವಾಂಸರು ಪದರಪದರವಾಗಿ ಲೆಕ್ಕಿಗರನ್ನು ಕೂರಿಸಿದರಷ್ಟೆ. ರೈತನು ಬಿಸಿಲಿಗೆ ಬೆನ್ನು ಕೊಟ್ಟು ನಿಂತು ಆ ಕೆಲಸ ಮುಗಿಸಿದ!

ಪಟ್ಟಿಯ ಬದಲು ಫೋನಿನಿಂದಲೇ ಎಲೆಯ ಹಸಿರನ್ನು ಅಳೆಯುವ ಪ್ರಯತ್ನಗಳು ಅನೇಕ ಕಡೆ ನಡೆದಿವೆ. ಇಲ್ಲಿ ಒಂದು ತೊಡಕಿದೆ. ಹುಲ್ಲು, ಆಕಾಶ, ಮೈಬಣ್ಣಗಳನ್ನು ಜನರು ಇದ್ದುದಕ್ಕಿಂತ ಹೆಚ್ಚು ಗಾಢವಾಗಿ ನೆನಪಿಟ್ಟುಕೊಳ್ಳುತ್ತಾರೆಂದು ಬಾರ್ಟಲ್‌ಸನ್ ಎಂಬವರು ೧೯೬೦ರಲ್ಲಿಯೇ ತೋರಿಸಿದ್ದರು. ನೆನಪಿನಂತೆ ಕಂಡ ಚಿತ್ರವೇ ಮೆಚ್ಚುಗೆಯ ಚಿತ್ರ. ಮೆಚ್ಚುಗೆಗಾಗಿ ತಯಾರಾದ ಫೋನು, "ಇದು ಎಲೆ" ಎಂದು ಗುರುತಿಸಿದೊಡನೆ ಹಸಿರನ್ನು ಒಂದು ಮೆಟ್ಟಿಲು ಏರಿಸಿದರೆ, ಹಸಿದ ಪೈರು ಚಿತ್ರದಲ್ಲಿ ಹೊಟ್ಟೆ ತುಂಬಿದಂತೆ ಕಾಣುತ್ತದೆ. ಆದಕಾರಣ ಬಣ್ಣವನ್ನು ಅಳೆಯುವ ಕೆಲಸಕ್ಕೆ, ಫೋನು ತನ್ನ ಉಪಚಾರ ಮಾಡುವ ಮೊದಲಿನ ಕಚ್ಚಾ ಅಂಕಿಗಳನ್ನು ತೆಗೆದುಕೊಳ್ಳಬೇಕು. ಇಲ್ಲವೆ ಚಿತ್ರದೊಳಗೇ ಬಣ್ಣದ ಹಲಗೆಯೊಂದು ಇರಬೇಕು. ರೋಗ ಗುರುತಿಸುವ ಯಂತ್ರಗಳ ಕಥೆಯೂ ಎಚ್ಚರ ಹೇಳುವಂಥದೇ. ೨೦೧೬ರಲ್ಲಿ ೫೪,೩೦೬ ಎಲೆಗಳ ಚಿತ್ರಗಳಿಂದ ಕಲಿಸಿದ ಯಂತ್ರವೊಂದು ಅದೇ ಬಗೆಯ ಚಿತ್ರಗಳಲ್ಲಿ ನೂರಕ್ಕೆ ೯೯ಕ್ಕೂ ಮೇಲ್ಪಟ್ಟು ಸರಿಯುತ್ತರ ಕೊಟ್ಟಿತು; ಬಣ್ಣ ಕಳೆದ ಚಿತ್ರಗಳಿಗಿಂತ ಬಣ್ಣದ ಚಿತ್ರಗಳಿಂದ ಕಲಿತಾಗಲೇ ಅದು ಹೆಚ್ಚು ಜಾಣವಾಗಿತ್ತು. ಬೇರೆ ಸನ್ನಿವೇಶದಲ್ಲಿ, ಬೇರೆಯವರು ತೆಗೆದ ಚಿತ್ರಗಳನ್ನು ಅದರ ಮುಂದಿಟ್ಟಾಗ ಜಾಣತನವು ನೂರಕ್ಕೆ ೩೧ರ ಆಸುಪಾಸಿಗೆ ಇಳಿಯಿತು. ಕುಷ್ಟಗಿ, ಯಲಬುರ್ಗಾಗಳ ದಾಳಿಂಬೆ ಬೆಳೆಗಾರರು ಎಲೆಯ ಮೇಲಿನ ಕಲೆಯನ್ನು ಫೋನಿಗೆ ತೋರಿಸಿ ಮದ್ದು ಕೊಳ್ಳುವ ಮೊದಲು ಈ ಎರಡು ಅಂಕಿಗಳನ್ನು ನೆನಪಿಡುವುದು ಒಳ್ಳೆಯದು.

ಮೈಬಣ್ಣದ ಮಾತೂ ಬಂತು. ಹೆಣ್ಣು ನೋಡುವ ಶಾಸ್ತ್ರವು ಈಗ ಫೋನಿನ ಚಿತ್ರದಿಂದಲೇ ತೊಡಗುವ ಮನೆಗಳಿಗೆ ಇದನ್ನು ಬಿಟ್ಟು ಮುಂದೆ ಹೋಗಲಾಗದು. ಫಿಲ್ಮಿನ ಕಾಲದಲ್ಲಿ, ೧೯೫೦ರ ದಶಕದಿಂದ, ಕೊಡಾಕ್ ಸಂಸ್ಥೆಯವರು ಚಿತ್ರಗಳನ್ನು ಅಚ್ಚುಮಾಡುವ ಪ್ರಯೋಗಾಲಯಗಳಿಗೆಲ್ಲ ಒಂದು ಮಾದರಿಯ ಚಿತ್ರವನ್ನು ಕಳುಹಿಸುತ್ತಿದ್ದರು. ಬಿಳಿಯ ಮೈಬಣ್ಣದ ತರುಣಿಯೊಬ್ಬಳ ಚಿತ್ರ. ಶರ್ಲಿ ಕಾರ್ಡೆಂದು ಹೆಸರು. ಆಕೆಯ ಮುಖ ಸರಿಯಾಗಿ ಬಂದರೆ ಬಣ್ಣ ಸರಿ. ಕಪ್ಪು ಮೈಯವರು ಸರಿಯಾಗಿ ಬರದಿದ್ದರೆ ಯಾರೂ ಕೇಳುವಂತಿರಲಿಲ್ಲ. ಯಂತ್ರಕ್ಕೆ ಕಲಿಸುವ ಮುಖಗಳಲ್ಲಿ ಬಿಳಿಯ ಮುಖಗಳೇ ಹೆಚ್ಚಾದರೆ ಅದೇ ಪಂಕ್ತಿಭೇದ ಮತ್ತೊಂದು ವೇಷದಲ್ಲಿ ಬಂತೆಂದು ತಿಳಿಯಬೇಕು. ೨೦೨೧ರಲ್ಲಿ ಗೂಗಲ್ ಸಂಸ್ಥೆಯವರು ಕಪ್ಪು, ಕಂದು ಮುಖಗಳ ಚಿತ್ರಗಳನ್ನು ಹೆಚ್ಚಾಗಿ ಸೇರಿಸಿ ತಮ್ಮ ಫೋನುಗಳಿಗೆ ಮತ್ತೆ ಪಾಠ ಹೇಳಿದರು. ಮರುವರ್ಷ ಎಲಿಸ್ ಮಂಕ್ ಎಂಬ ಸಮಾಜಶಾಸ್ತ್ರಜ್ಞರು ರೂಪಿಸಿದ ಹತ್ತು ಮೆಟ್ಟಿಲುಗಳ ಮೈಬಣ್ಣದ ಅಳತೆಯನ್ನು ಬಳಕೆಗೆ ತಂದರು. ನಮ್ಮ ಪೇಟೆಯ ಕೆಲವು ಫೋನುಗಳಂತೂ ಕೇಳದೆಯೇ ಮುಖಕ್ಕೆ ಸುಣ್ಣ ಬಳಿಯುತ್ತವೆ. ಹುಡುಗಿಯ ತಾಯಿ ಅದನ್ನು ಕಂಡು ಒಳಗೊಳಗೇ ಸಂತೋಷಪಡಬಹುದು. ಎದುರಿಗೆ ನೋಡಿದ ದಿನ ಹುಡುಗನ ಕಡೆಯವರ ಹುಬ್ಬು ಮೇಲೇರಿದರೆ ಅವಮಾನ ಯಾರಿಗೆ? ಆ ಹುಡುಗಿಗೆ ತಾನೆ. ಆಕೆ ತನ್ನ ಬಣ್ಣವನ್ನು ಮುಚ್ಚಿಟ್ಟಿರಲೂ ಇಲ್ಲ.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಗಳನ್ನು ಕೆತ್ತುತ್ತಾರಷ್ಟೆ. ತವರವನ್ನು ಅರೆದು, ಬಳಿದು, ಉಜ್ಜಿ, ಅದರ ಮೇಲೆ ತೆಳುವಾದ ಬಣ್ಣ ಹಚ್ಚಿ ಚಿನ್ನದ ಹೊಳಪು ತರುವ ಲಾಜವಾರವೆಂಬ ಅವರ ರೀತಿ ಪ್ರಸಿದ್ಧವಾದದ್ದು. ಕೈಯಲ್ಲಿ ಹಿಡಿದು ಆಚೀಚೆ ತಿರುಗಿಸಿದರೆ ಮಾತ್ರ ಆ ಹೊಳಪಿನ ಸೊಬಗು. ನಿಂತ ಚಿತ್ರದಲ್ಲಿ ಅದು ಒಂದು ಬಿಳಿಯ ಚುಕ್ಕೆಯಾಗಿ ಕುಳಿತುಬಿಡುತ್ತದೆ. ಯಾವ ಕಲಿಕೆಯೂ ಅದನ್ನು ಇಂದಿಗೂ ಪೂರ್ತಿ ಗೆದ್ದಿಲ್ಲ. ಗೊಂಬೆ ಕೊಳ್ಳುವವರು ಕಿನ್ನಾಳಕ್ಕೇ ಹೋಗಿಬರುವುದು ಲೇಸು.

ಹಾಗೆ ಹೋದವರು ಗಂಗಾವತಿಗೆ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡವನ್ನೂ ಹತ್ತಬಹುದು. ಫಿಲಿಪ್ ಮೆಡೋಸ್ ಟೇಲರ್ ೧೮೩೫ರಲ್ಲಿ ಗುರುತಿಸಿ ಲೋಕಕ್ಕೆ ತಿಳಿಸಿದ, ೨೦೨೧ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಶಿಲಾಸಮಾಧಿಗಳು ಅಲ್ಲಿವೆ. ಬಂಡೆಗಳ ಮರೆಯಲ್ಲಿ ಕೆಮ್ಮಣ್ಣಿನ ಚಿತ್ರಗಳಿವೆ: ಪ್ರಾಣಿಗಳು, ಮನುಷ್ಯರು. ಕೆಲವು ಎಷ್ಟು ಮಾಸಿವೆಯೆಂದರೆ, ಮಾಸಲು ಕೆಂಪು ಎಲ್ಲಿ ಮುಗಿಯಿತು, ಕಲ್ಲಿನ ಬಣ್ಣ ಎಲ್ಲಿ ತೊಡಗಿತು ಎಂಬುದು ಕಣ್ಣಿಗೆ ನಿಲುಕದು. ಚಿತ್ರದ ಕಲಮಲವನ್ನು ತೊಳೆದು ನುಣುಪು ಮಾಡಲು ಕಲಿತ ಫೋನು, ಇಂಥ ನಸುಗೆಂಪನ್ನೂ ಕಲಮಲವೆಂದೇ ಬಗೆದು ಒರಸಿಹಾಕಬಹುದು.

ಶಿಲಾಚಿತ್ರಗಳ ವಿದ್ವಾಂಸರು ಅವಲಂಬಿಸುವುದು ಬೇರೆಯ ವಿದ್ಯೆಯನ್ನು. ಉಪಗ್ರಹಗಳ ಚಿತ್ರಗಳಿಗಾಗಿ ಅಮೆರಿಕದ ನಾಸಾದವರು ಬೆಳೆಸಿದ ಲೆಕ್ಕವೊಂದನ್ನು ಜಾನ್ ಹಾರ್ಮನ್ ಎಂಬವರು ೨೦೦೫ರಲ್ಲಿ ಶಿಲಾಚಿತ್ರಗಳಿಗೆ ಹೊಂದಿಸಿದರು. ಡಿಸ್ಟ್ರೆಚ್ ಎಂದು ಅದರ ಹೆಸರು. ಒಂದಕ್ಕೊಂದು ಅಂಟಿಕೊಂಡ ಬಣ್ಣಗಳನ್ನು ಅದು ಎಳೆದು ಬೇರ್ಪಡಿಸುತ್ತದೆ. ಕಲ್ಲು ಹಸಿರಾಗಬಹುದು, ಚಿತ್ರ ರಕ್ತದ ಕೆಂಪಾಗಬಹುದು. ಆ ಬಣ್ಣಗಳು ಸುಳ್ಳೆಂಬುದು ನೋಡಿದವರಿಗೆಲ್ಲ ಗೊತ್ತು. ಆದರೆ ಕಾಣದಿದ್ದ ಕೊಂಬು, ಕಾಲು, ಕೈಗಳು ಕಾಣುತ್ತವೆ, ಅವು ಸುಳ್ಳಲ್ಲ. ಯಾವ ಪಾಠವನ್ನೂ ಕಲಿಯದ ಬರಿಯ ಗಣಿತ ಅದು. ಜಿಂಕೆಯೆಂದರೆ ಹೇಗಿರಬೇಕೆಂದು ಅದಕ್ಕೆ ಗೊತ್ತಿಲ್ಲವಾದ್ದರಿಂದ ಇಲ್ಲದ ಜಿಂಕೆಯನ್ನು ಅದು ಬರೆಯಲಾರದು. ಡಿಸ್ಟ್ರೆಚ್ ಈಗ ಫೋನಿನಲ್ಲಿಯೂ ದೊರೆಯುತ್ತದೆ. ಮಾಸಿದ ಚಿತ್ರಗಳು ಎದ್ದು ಕಾಣಲೆಂದು ಬಂಡೆಗೆ ನೀರೆರಚಿ ಫೋಟೋ ತೆಗೆಯುವ ದುರಭ್ಯಾಸ ನಮ್ಮ ಪ್ರವಾಸಿಗರಲ್ಲಿ ಕೆಲವರಿಗಿದೆ. ನೀರು ಆರಿದಾಗ ಉಳಿಯುವ ಲವಣವು ಚಿತ್ರದ ಮೇಲೆ ಪೊರೆಗಟ್ಟುತ್ತದೆ. ಗುಡ್ಡ ಹತ್ತುವಾಗ ಹಿಡಿದ ನೀರಿನ ಬಾಟಲಿ ಬಾಯಾರಿಕೆಗಿರಲಿ.